ಎಜ್ರಾ ಮೀಕರ್ ಅವರ ಬದುಕು ಮತ್ತು ಕೊನೆಯ ದಿನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಯಾಟಲ್, ಟಕೋಮಾ ಕಡೆ ನೆಲೆಸಿದವರು, ಮಕ್ಕಳ ಮನೆಗೆಂದು ಅಲ್ಲಿಗೆ ಹೋಗಿ ಬಂದ ಹಿರಿಯರು, ಅಮೆರಿಕದ ಪಶ್ಚಿಮದ ಚರಿತ್ರೆ ಓದುವ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಪರಿಚಯದ ಪ್ರಶ್ನೆಗಳು ಮೊದಲು, ತಕರಾರಿನವು ಆಮೇಲೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇವೆ.

## ಮೊದಲ ಪರಿಚಯ

ಈ ಎಜ್ರಾ ಮೀಕರ್ ಅಂದ್ರೆ ಯಾರು? ಚಿಕ್ಕದಾಗಿ ಹೇಳಿ.

ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ಸೀಮೆಗೆ ಎತ್ತಿನ ಗಾಡಿಯಲ್ಲಿ ಬಂದು, ಬಿಯರಿಗೆ ಹಾಕುವ ಹಾಪ್ಸ್ ಬೆಳೆದು ಶ್ರೀಮಂತರಾಗಿ, ಅದೇ ಬೆಳೆಯಿಂದ ಎಲ್ಲವನ್ನೂ ಕಳೆದುಕೊಂಡ ವ್ಯಾಪಾರಿ. ಹುಟ್ಟಿದ್ದು 1830ರ ಡಿಸೆಂಬರ್ 29ರಂದು, ಒಹಾಯೊ ರಾಜ್ಯದ ಹಂಟ್ಸ್‌ವಿಲ್ ಬಳಿ. ತೀರಿಕೊಂಡದ್ದು 1928ರ ಡಿಸೆಂಬರ್ 3ರಂದು, ಸಿಯಾಟಲ್‌ನಲ್ಲಿ. ಇನ್ನು 26 ದಿನ ಇದ್ದಿದ್ದರೆ 98 ತುಂಬುತ್ತಿತ್ತು.

ಜನ ಅವರನ್ನು ಹೆಚ್ಚಾಗಿ ನೆನೆಯುವುದು ವ್ಯಾಪಾರಕ್ಕಲ್ಲ. 75 ವರ್ಷವಾದ ಮೇಲೆ ಮತ್ತೆ ಎತ್ತು ಹೂಡಿ, ತಾವು ಬಂದ ಆರೆಗಾನ್ ದಾರಿಯಲ್ಲೇ ಹಿಂದಕ್ಕೆ ಹೋಗಿ, ಉದ್ದಕ್ಕೂ ಗುರುತಿನ ಕಲ್ಲು ನೆಡಿಸಿದ್ದಕ್ಕೆ. ಆದರೆ ಆ ಯಾತ್ರೆ ನಡೆಯಲು ಅವರ ವ್ಯಾಪಾರದ ಬುದ್ಧಿಯೇ ಕಾರಣ. ಎರಡನ್ನೂ ಬೇರೆ ಮಾಡಿ ನೋಡಿದರೆ ಮನುಷ್ಯ ಅರ್ಥವಾಗುವುದಿಲ್ಲ.

ಅವರೂರಿನ ಹೆಸರನ್ನ ಹೇಗೆ ಹೇಳ್ಬೇಕು? ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ.

ಪ್ಯು-ಆ-ಲಪ್. ಒತ್ತು ನಡುವಿನ "ಆ" ಮೇಲೆ. ಬೇಗ ಹೇಳಿದರೆ "ಪ್ಯುವಾಲಪ್" ಎಂದು ಕೇಳುತ್ತದೆ. ಅಲ್ಲಿ ಮೊದಲಿಂದ ಬಾಳುತ್ತಿದ್ದ ಮೂಲನಿವಾಸಿ ಜನಾಂಗದ ಹೆಸರೇ ಊರಿಗೂ ಹೊಳೆಗೂ ಬಂದಿದೆ. "ಕೊಡುಗೈ ಜನ" ಎಂದು ಅದರ ಅರ್ಥ ಹೇಳುತ್ತಾರೆ. ಊರಿನ ನಕ್ಷೆ ಹಾಕಿಸಿ 1877ರಲ್ಲಿ ಈ ಹೆಸರಿಟ್ಟವರು ಮೀಕರ್. 1890ರಲ್ಲಿ ಊರು ಪುರಸಭೆಯಾದಾಗ ಮೊದಲ ಮೇಯರ್ ಕೂಡ ಅವರೇ.

ಎಷ್ಟು ಓದಿದ್ರು?

ಶಾಲೆಯಲ್ಲಿ ಕೂತದ್ದು ಎಲ್ಲ ಸೇರಿಸಿದರೂ ಆರು ತಿಂಗಳಿಗಿಂತ ಕಡಿಮೆ. ಹುಡುಗನಾಗಿದ್ದಾಗ ಇಂಡಿಯಾನಪೊಲಿಸ್‌ನ ಒಂದು ಪತ್ರಿಕೆಯ ಮುದ್ರಣಾಲಯದಲ್ಲಿ ಕೆಲಸಕ್ಕಿದ್ದರು, ಮನೆಮನೆಗೆ ಪತ್ರಿಕೆ ಹಂಚುತ್ತಿದ್ದರು. ಅಚ್ಚುಮೊಳೆಯ ಆ ಸಹವಾಸ ಕೊನೆವರೆಗೆ ಬಿಡಲಿಲ್ಲ. 1870ರಲ್ಲಿ ವಾಷಿಂಗ್ಟನ್ ಸೀಮೆಯ ಮೇಲೊಂದು ಕಿರುಹೊತ್ತಗೆ, 1883ರಲ್ಲಿ ಹಾಪ್ಸ್ ಬೇಸಾಯದ ಪುಸ್ತಕ, 75 ದಾಟಿದ ಮೇಲೆ ಹಲವು ನೆನಪಿನ ಪುಸ್ತಕಗಳು, 95ರ ಆಸುಪಾಸಿನಲ್ಲಿ ಒಂದು ಕಾದಂಬರಿ.

ಸಂಸಾರ ಕಟ್ಟಿಕೊಂಡು ಅಷ್ಟು ದೂರ ಯಾಕೆ ಹೊರಟ್ರು?

ಭೂಮಿಗಾಗಿ. 1851ರ ಮೇ ತಿಂಗಳಲ್ಲಿ ಎಲೈಜಾ ಜೇನ್ ಸಮ್ನರ್ ಜತೆ ಮದುವೆಯಾಯಿತು. ಸ್ವಂತ ಹೊಲ ಬೇಕೆಂದು ಇಬ್ಬರೂ ಅಯೊವಾಕ್ಕೆ ಹೋದರು. ಅಲ್ಲಿನ ಒಂದು ಚಳಿಗಾಲ ಸಾಕುಸಾಕಾಯಿತು. ಅದೇ ಹೊತ್ತಿಗೆ ಆರೆಗಾನ್ ಸೀಮೆಯಲ್ಲಿ 1850ರ ಕಾನೂನಿನಂತೆ, ಹೊಸದಾಗಿ ಬಂದು ನೆಲೆಸುವ ಗಂಡ ಹೆಂಡತಿಗೆ 320 ಎಕರೆ ಪುಕ್ಕಟೆ ಸಿಗುತ್ತಿತ್ತು, ಒಂಟಿ ಗಂಡಸಿಗೆ 160. 1852ರ ಏಪ್ರಿಲ್‌ನಲ್ಲಿ ಕೈಗೂಸನ್ನು ಕಟ್ಟಿಕೊಂಡು ಹೊರಟರು. ಅಕ್ಟೋಬರ್ 1ಕ್ಕೆ ಪೋರ್ಟ್‌ಲೆಂಡ್ ಮುಟ್ಟಿದರು. ಗಂಡನಿಗೆ ಆಗ 21 ವರ್ಷ.

ಆ "ಪುಕ್ಕಟೆ" ಯಾರ ಭೂಮಿ ಎಂಬ ಪ್ರಶ್ನೆಗೆ ಕೆಳಗೆ ಬರುತ್ತೇವೆ.

## ದಾರಿ, ಗಾಡಿ, ಎತ್ತು

ಐದಾರು ತಿಂಗಳ ಪ್ರಯಾಣಕ್ಕೆ ಗಾಡಿಯಲ್ಲಿ ಏನೇನು ತುಂಬಿಕೊಂಡಿದ್ರು?

ಇದು ಎಲೈಜಾ ಅವರ ಕೈಚಳಕ. ಬೆಣ್ಣೆಯನ್ನು ಎರಡು ಪದರದ ಚೀಲದಲ್ಲಿ ಹಿಟ್ಟಿನ ನಟ್ಟನಡುವೆ ಹುದುಗಿಸಿದ್ದರು. ಸುತ್ತಲ ಹಿಟ್ಟು ಬಿಸಿಲ ಕಾವನ್ನು ತಡೆಯುತ್ತದೆ, ಬೆಣ್ಣೆ ಕರಗಿ ಹರಿಯುವುದಿಲ್ಲ. ಮೊಟ್ಟೆಗಳು ಜೋಳದ ಹಿಟ್ಟಿನೊಳಗೆ. ಇವು ಸುಮಾರು 500 ಮೈಲಿಯವರೆಗೆ ಬಾಳಿದವು. ಮೊಟ್ಟೆ ಮುಗಿಯುತ್ತ ಬಂದಂತೆ ಹಿಟ್ಟೂ ಅಡುಗೆಗೆ ಆಯಿತು. ಒಣಹಣ್ಣು, ಒಣಗಿಸಿದ ಕುಂಬಳದ ಹೋಳು, ಉಪ್ಪು ಕಡಿಮೆ ಹಾಕಿ ಒಣಗಿಸಿದ ಗೋಮಾಂಸ, ಔಷಧಿಗೆಂದು ಒಂದು ಬುರುಡೆ ಬ್ರಾಂದಿ. ಉಪ್ಪು ಕಡಿಮೆ ಯಾಕೆಂದರೆ ನೀರು ಸಿಗದ ದಾರಿಯಲ್ಲಿ ಉಪ್ಪಿನ ಮಾಂಸ ತಿಂದವರಿಗೆ ಬಾಯಾರಿಕೆ ತಡೆಯಲಾಗದು.

ಹಲವರು ಮಾಡಿದ ತಪ್ಪೆಂದರೆ ಮರದ ಬೀರು, ಕಬ್ಬಿಣದ ಒಲೆ, ಮಂಚಗಳನ್ನು ಹೇರಿಕೊಂಡು ಹೊರಟದ್ದು. ಎತ್ತು ಸೊರಗುತ್ತಿದ್ದಂತೆ ಅವೆಲ್ಲ ದಾರಿಬದಿಗೆ ಬೀಳುತ್ತಿದ್ದವು.

ಕುದುರೆ ಇರ್ಲಿಲ್ವಾ? ಎತ್ತು ಯಾಕೆ?

ಕುದುರೆಗೆ ಕಾಳು ಬೇಕು. ಎತ್ತು ದಾರಿಯ ಹುಲ್ಲಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಎತ್ತಿನ ಬೆಲೆ ಕಡಿಮೆ, ಕೆಸರಿನಲ್ಲಿ ಎಳೆಯುವ ನಿಧಾನ ಶಕ್ತಿ ಹೆಚ್ಚು, ಕಳ್ಳರಿಗೂ ಅದರ ಮೇಲೆ ಆಸೆ ಕಡಿಮೆ. ಗಂಟೆಗೆ ಎರಡು ಮೈಲಿ, ದಿನಕ್ಕೆ ಸುಮಾರು 15 ಮೈಲಿ ಎಂದರೂ ಇಡೀ ದಾರಿ ಸುಮಾರು 2,000 ಮೈಲಿ. ಲೆಕ್ಕ ಹಾಕಿದರೆ ಐದು ತಿಂಗಳು ಯಾಕೆ ಬೇಕಾಯಿತು ಎಂದು ಗೊತ್ತಾಗುತ್ತದೆ. ಮೀಕರ್ ದಂಪತಿಯ ಗಾಡಿಗೆ ಎರಡು ಜೋಡಿ ಎಳೆಗರದ ಎತ್ತು, ಒಂದು ಜೋಡಿ ಹಸು ಹೂಡಿದ್ದರು. ಹಸು ಹಾಲೂ ಕೊಡುತ್ತಿತ್ತು.

ನಮ್ಮ ಹಳ್ಳಿಕಾರ್ ಜೋಡಿ ನೋಡಿದವರಿಗೆ ಅಲ್ಲಿನ ನೊಗ ಹೊಸದಾಗಿ ಕಾಣುತ್ತದೆ. ನಮ್ಮ ಎತ್ತಿಗೆ ಹಿಣಿಲಿದೆ, ನೊಗ ಅದರ ಮುಂದೆ ಕೂರುತ್ತದೆ. ಅಲ್ಲಿನ ತಳಿಗಳಿಗೆ ಹಿಣಿಲಿಲ್ಲ. ಹಾಗಾಗಿ ಹಸಿ ಕಟ್ಟಿಗೆಯನ್ನು ಆವಿಯಲ್ಲಿ ಬಳುಕಿಸಿ 'U' ಅಕ್ಷರದ ಆಕಾರಕ್ಕೆ ಬಾಗಿಸಿ, ಕುತ್ತಿಗೆಯ ಕೆಳಗಿಂದ ತಂದು ನೊಗದ ತೂತಿನಲ್ಲಿ ಸಿಕ್ಕಿಸಿ, ಮೇಲೆ ಗೂಟ ಹಾಕುತ್ತಾರೆ. ಎಳೆತದ ಭಾರ ಕುತ್ತಿಗೆಯ ಬುಡಕ್ಕೂ ಹೆಗಲಿಗೂ ಹಂಚಿಹೋಗುತ್ತದೆ. ಅಳತೆ ಸರಿಯಿಲ್ಲದಿದ್ದರೆ ಹೆಗಲು ಹುಣ್ಣಾಗುತ್ತದೆ. ಹುಣ್ಣಾದ ಎತ್ತು ವಾರಗಟ್ಟಲೆ ಎಳೆಯುವುದಿಲ್ಲ. ಲಾಳದ ವಿಷಯ ಮಾತ್ರ ಇಲ್ಲಿನಂತೆಯೇ. ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡು ತುಂಡು, ಒಂದು ಎತ್ತಿಗೆ ಎಂಟು.

ಗಾಡಿಯಲ್ಲಿ ಹೆಚ್ಚು ಕಾಡಿಸಿದ್ದು ಚಕ್ರ. ಒಣಹವೆಗೆ ಮರ ಕುಗ್ಗಿ ಕಬ್ಬಿಣದ ಪಟ್ಟಿ ಸಡಿಲವಾಗುತ್ತದೆ. ರಾತ್ರಿ ಚಕ್ರ ಬಿಚ್ಚಿ ಹೊಳೆಯಲ್ಲಿ ನೆನೆಹಾಕುವುದು, ಪಟ್ಟಿಯ ಕೆಳಗೆ ಮರದ ಸಣ್ಣ ಬೆಣೆ ಬಡಿಯುವುದು, ಇವೆರಡೇ ದಾರಿಯ ಮದ್ದು. ಅಚ್ಚೂ ಮರದ್ದೇ ಆದ್ದರಿಂದ ಡಾಂಬರು ಮತ್ತು ಕೊಬ್ಬು ಬೆರೆಸಿದ ಕೀಲೆಣ್ಣೆಯ ಡಬ್ಬಿ ಗಾಡಿಯ ಹಿಂದೆ ಸದಾ ತೂಗುತ್ತಿತ್ತು.

ದಾರಿಯಲ್ಲಿ ಜನ ಹೆಚ್ಚಾಗಿ ಯಾತರಿಂದ ಸತ್ರು? ಮೂಲನಿವಾಸಿಗಳ ದಾಳಿಯಿಂದಲಾ?

ಅಲ್ಲ. ಕಾಲರಾದಿಂದ. ಪ್ಲಾಟ್ ಹೊಳೆಯ ದಂಡೆಯಲ್ಲಿ ಸಾವಿರಾರು ಜನ ಒಂದೇ ಕಡೆ ಬೀಡುಬಿಟ್ಟು, ಅಲ್ಲೇ ಬಯಲಿಗೆ ಹೋಗಿ, ಅಲ್ಲೇ ತೋಡಿದ ಗುಂಡಿಯ ನೀರು ಕುಡಿಯುತ್ತಿದ್ದರು. ಅದರ ನಂತರ ಹೊಳೆ ದಾಟುವಾಗಿನ ಸಾವು, ಕೈತಪ್ಪಿ ಹಾರಿದ ಗುಂಡು, ಚಕ್ರದಡಿ ಸಿಕ್ಕ ಮಕ್ಕಳು. ಮೀಕರ್ ಮನೆಯವರೇ ಎರಡೂ ಬಗೆ ಕಂಡರು: 1854ರಲ್ಲಿ ತಂದೆ ತಾಯಿ ಉಳಿದವರೊಂದಿಗೆ ಹೊರಟಾಗ ತಾಯಿ ಕಾಲರಾಕ್ಕೆ ಬಲಿಯಾದರು, ತಮ್ಮ ಕ್ಲಾರ್ಕ್ ಸ್ವೀಟ್‌ವಾಟರ್ ಹೊಳೆಯಲ್ಲಿ ಮುಳುಗಿದ. ಅವರನ್ನು ಎದುರುಗೊಳ್ಳಲು ಕ್ಯಾಸ್ಕೇಡ್ ಪರ್ವತ ದಾಟಿ ಹೋದ ಎಜ್ರಾಗೆ ಸಿಕ್ಕಿದ್ದು ಈ ಸುದ್ದಿ. ಮುಂದೆ ಆ ದಾರಿಯನ್ನು ಅವರು ಅಷ್ಟು ಪಟ್ಟುಹಿಡಿದು ಕಾಪಾಡಲು ಹೊರಟದ್ದರ ಹಿಂದೆ ಈ ಎರಡು ಸಾವುಗಳಿವೆ ಎಂದು ನಮಗನ್ನಿಸುತ್ತದೆ.

## ವ್ಯಾಪಾರ: ಏರಿದ್ದು, ಬಿದ್ದದ್ದು

ಮೊದಲ ಅಂಗಡಿ ಎಲ್ಲಿತ್ತು?

ಪ್ಯೂಜೆಟ್ ಸೌಂಡ್ ಕೊಲ್ಲಿಯ ದಂಡೆಯ ಸ್ಟೈಲಕೂಮ್ ಎಂಬ ಊರಿನಲ್ಲಿ, ತಂದೆ ಮಕ್ಕಳು ಸೇರಿ ನಡೆಸಿದ ಅಂಗಡಿ. ಸಾಲ ತೆಗೆದು ಸರಕು ತರಲೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ದ ಅಣ್ಣ ಆಲಿವರ್, ಮರಳುವಾಗ "ನಾರ್ದರ್ನರ್" ಹಡಗು ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಒಡೆದು ನೀರುಪಾಲಾದರು. ಅಣ್ಣನೂ ಹೋದ, ಸಾಲ ಉಳಿಯಿತು. 1862ರಲ್ಲಿ ಹೆಚ್ಚುಕಡಿಮೆ ಬರಿಗೈಯಲ್ಲಿ ಪ್ಯುವಾಲಪ್ ಕಣಿವೆಗೆ ಸರಿದು, ದೈತ್ಯ ಮರಗಳ ನಡುವೆ ನೆಲ ಬಿಡಿಸತೊಡಗಿದರು.

ಹಾಪ್ಸ್ ಅಂದ್ರೇನು? ಕಾಳಾ, ಹಣ್ಣಾ?

ಹೂವು. ಗಾಂಜಾ ಗಿಡದ ಕುಟುಂಬಕ್ಕೇ ಸೇರಿದ ಒಂದು ಹಂಬಿನ ಹೆಣ್ಣು ಹೂಗೊಂಚಲು. ನೋಡಲು ಹಸಿರು ಪದರದ ಮೊಗ್ಗಿನಂತೆ. ಪದರಗಳ ಬುಡದಲ್ಲಿ ಅಂಟಂಟಾದ ಹಳದಿ ಪುಡಿ ಇರುತ್ತದೆ. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಟ್ಟು ಅದು ಕೆಡದಂತೆ ಕಾಯುವುದು ಆ ಪುಡಿ. ಬೆಲೆ ಎಲ್ಲ ಅದಕ್ಕೇ. ಭಾರತದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಇದನ್ನು ಬೆಳೆಯುತ್ತಾರೆ.

ಬೀಜದಿಂದ ಬೆಳೆದರೆ ಗಂಡೋ ಹೆಣ್ಣೋ ತಿಳಿಯದು, ಅದಕ್ಕೇ ಬೇರಿನ ತುಂಡು ನೆಡುತ್ತಾರೆ. ಆ ಕಾಲದಲ್ಲಿ ಸುಮಾರು 7 ಅಡಿಗೊಂದು ಗುಡ್ಡೆ ಮಾಡಿ, ಎತ್ತರದ ಗಳ ನೆಟ್ಟು ಹಂಬು ಹಬ್ಬಿಸುತ್ತಿದ್ದರು. ಆ ಅಂತರದಲ್ಲಿ ಎಕರೆಗೆ 890 ಗುಡ್ಡೆಯಷ್ಟು ಆಗುತ್ತದೆ. ಹೊಳೆಯ ಮೆಕ್ಕಲು ಮಣ್ಣು, ತಂಪು ಬೇಸಿಗೆ, ಗಳಕ್ಕೆ ಬೇಕಾದಷ್ಟು ಮರ: ಪ್ಯುವಾಲಪ್ ಕಣಿವೆಯಲ್ಲಿ ಮೂರೂ ಇದ್ದವು.

ಶುರು ಮಾಡಿದ್ದು ಎಷ್ಟು ಬಂಡವಾಳದಿಂದ?

ಒಂದು ಚೀಲ ಬೇರು. 1865ರ ಮಾರ್ಚ್‌ನಲ್ಲಿ ಒಲಿಂಪಿಯಾ ಊರಿನ ಬಿಯರ್ ತಯಾರಕ ಚಾರ್ಲ್ಸ್ ವುಡ್, ಮೀಕರರ ತಂದೆ ಜೇಕಬ್‌ಗೆಂದು ಅದನ್ನು ಸ್ಟೈಲಕೂಮಿಗೆ ಕಳಿಸಿಕೊಟ್ಟರು. ಅಲ್ಲಿಂದ ಸುಮಾರು 20 ಮೈಲಿ ಅಣ್ಣ ಜಾನ್ ಬೆನ್ನ ಮೇಲೆ ಹೊತ್ತು ತಂದರು. ಅದರಲ್ಲಿ ಎಜ್ರಾ ಆರು ಗುಡ್ಡೆಗೆ ಆಗುವಷ್ಟು ತೆಗೆದುಕೊಂಡರು, ಉಳಿದದ್ದನ್ನು ತಂದೆ ನಾಲ್ಕು ಸಾಲಾಗಿ ನೆಟ್ಟರು. ಸೆಪ್ಟೆಂಬರಿನಲ್ಲಿ ತಂದೆಗೆ ಬಂದ ಫಸಲು 180 ಪೌಂಡ್, ಎಂದರೆ ಸುಮಾರು 82 ಕಿಲೋ. ಪೌಂಡಿಗೆ 85 ಸೆಂಟಿನಂತೆ ಮಾರಿ 150 ಡಾಲರಿಗೆ ಚೂರು ಮೇಲೆ ಕೈಗೆ ಬಂತು. ದುಡ್ಡಿನ ಮುಖವೇ ಅಪರೂಪವಾಗಿದ್ದ ಕಣಿವೆಯಲ್ಲಿ ಇದು ಊರೆಲ್ಲ ಮಾತಾಯಿತು.

ಮುಂದೆ ಮೀಕರರ ಹಾಪ್ಸ್ ತೋಟ 500 ಎಕರೆ ದಾಟಿತು. ಸುಗ್ಗಿಯಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಕೆಲಸ. ಅವರ ನಿಜವಾದ ಜಾಣತನ ಇದ್ದದ್ದು ಬೇಸಾಯದಲ್ಲಿ ಅಲ್ಲ, ಮಾರಾಟದಲ್ಲಿ: ನೆರೆಯ ರೈತರ ಮಾಲನ್ನೂ ಕೊಂಡು, ಅವರಿಗೆ ಮುಂಗಡ ಕೊಟ್ಟು, ನಡುವಿನವರನ್ನು ಬಿಟ್ಟು ನೇರ ಲಂಡನ್ನಿಗೆ ಸಾಗಿಸಿದರು. ಅಲ್ಲಿನ ಪೇಟೆ ಅರಿಯಲು ನಾಲ್ಕು ಚಳಿಗಾಲ ಲಂಡನ್ನಿನಲ್ಲೇ ಕಳೆದರು. 1882ರಲ್ಲಿ ಬೇರೆಡೆ ಬೆಳೆ ಕೈಕೊಟ್ಟು ದರ ಪೌಂಡಿಗೆ ಡಾಲರಿನ ಹತ್ತಿರ ಹೋಯಿತು. "ಜಗತ್ತಿನ ಹಾಪ್ಸ್ ದೊರೆ" ಎಂಬ ಹೆಸರು ಬಂದದ್ದು ಈ ದಿನಗಳಲ್ಲಿ.

ಕೊಯ್ದ ಮೇಲೆ ಒಣಗಿಸ್ತಿದ್ದದ್ದು ಹೇಗೆ? ಬಿಸಿಲಲ್ಲಾ?

ಬಿಸಿಲಿನಲ್ಲಿ ಒಣಗಿಸಿದರೆ ಪರಿಮಳ ಹಾರಿಹೋಗುತ್ತದೆ, ಅಲ್ಲಿನ ಸೆಪ್ಟೆಂಬರ್ ಮಳೆಯನ್ನು ನಂಬುವಂತೆಯೂ ಇಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ನೋಡಿದ್ದೀರಾದರೆ ಬೇಗ ಅರ್ಥವಾದೀತು. ಎತ್ತರದ ಮರದ ಮನೆ. ಕೆಳಗೆ ಒಲೆ. ಮೇಲೆ ಸಂದು ಬಿಟ್ಟ ಪಟ್ಟಿಗಳ ಅಟ್ಟ, ಅದರ ಮೇಲೆ ಗೋಣಿಬಟ್ಟೆ, ಬಟ್ಟೆಯ ಮೇಲೆ ಹಸಿ ಹಾಪ್ಸ್ ದಪ್ಪ ಹಾಸು. ಸೂರಿನ ಮೇಲೆ ತೇವ ಹೋಗಲು ಗವಾಕ್ಷಿ. ಹಗಲು ರಾತ್ರಿ ಎನ್ನದೆ ಬೆಂಕಿ ಕಾಯಬೇಕು. ಬಣ್ಣ ಚೆನ್ನಾಗಿ ನಿಲ್ಲಲೆಂದು ಒಲೆಯ ಬಳಿ ಗಂಧಕವನ್ನೂ ಸುಡುತ್ತಿದ್ದರು. ನಾಲ್ಕು ಪೌಂಡ್ ಹಸಿಗೆ ಒಂದು ಪೌಂಡ್ ಒಣ ಸಿಕ್ಕಿತು ಎಂದರೆ ಲೆಕ್ಕ ಸರಿ.

ಕೆಡುವುದು ಮೂರು ಕಡೆ. ಬೆಂಕಿ ಅವಸರವಾದರೆ ಮೇಲಿನ ಪದರ ಹಸಿ ಉಳಿದು ಕೆಳಗಿನದು ಸೀಯುತ್ತದೆ. ಹೆಚ್ಚು ಒಣಗಿದರೆ ಹೂ ಪುಡಿಯಾಗಿ ಹಳದಿ ಪುಡಿ ಉದುರಿಹೋಗುತ್ತದೆ, ಉಳಿದದ್ದು ಹೊಟ್ಟು. ಕಡಿಮೆ ಒಣಗಿದ್ದನ್ನು ಬೇಲ್ ಕಟ್ಟಿದರೆ ಒಳಗೇ ಕಾವೇರಿ ಬೂಸ್ಟು ಹಿಡಿಯುತ್ತದೆ. ಲಂಡನ್ನಿಗೆ ಹೋಗುವ ಹಡಗಿನಲ್ಲಿ ಹಾಗಾದರೆ ಇಡೀ ಸರಕು ತಿರಸ್ಕಾರ. ಅದಕ್ಕೇ ಒಲೆಯಿಂದ ಇಳಿಸಿದ ಕೂಡಲೇ ಬೇಲ್ ಕಟ್ಟದೆ, ತಂಪು ಕೋಣೆಯಲ್ಲಿ ಕೆಲವು ದಿನ ರಾಶಿ ಹಾಕಿ ತೇವ ಒಂದೇ ಸಮ ಆಗಲು ಬಿಡುತ್ತಿದ್ದರು.

ಕೊಯ್ಯೋರು ಯಾರು?

ಬಹುಪಾಲು ಮೂಲನಿವಾಸಿ ಸಂಸಾರಗಳು. ಕಣಿವೆಯವರಲ್ಲದೆ ಬ್ರಿಟಿಷ್ ಕೊಲಂಬಿಯಾ, ಅಲಾಸ್ಕಾ ಕಡೆಯಿಂದ ದೊಡ್ಡ ದೋಣಿಗಳಲ್ಲಿ ನೂರಾರು ಮೈಲಿ ಹುಟ್ಟು ಹಾಕಿಕೊಂಡು ಬರುತ್ತಿದ್ದರು. ಒಂದು ಪೆಟ್ಟಿಗೆ ತುಂಬಿದರೆ ಒಂದು ಡಾಲರ್. ಮೀಕರರ ಸಂಪತ್ತಿನ ಬಗ್ಗೆ ಬರೆಯುವವರು ಈ ಕೈಗಳನ್ನು ಒಂದು ಸಾಲಿನಲ್ಲಿ ಮುಗಿಸುವುದು ನಮಗೆ ಬೇಸರ ತರುತ್ತದೆ. ಸುಗ್ಗಿ ಮೂರ್ನಾಲ್ಕು ವಾರದ್ದು. ಆ ವಾರಗಳಲ್ಲಿ ಇವರು ಬರದಿದ್ದರೆ ಹೂವು ಗಳದ ಮೇಲೇ ಕಂದಿಹೋಗುತ್ತಿತ್ತು.

ಅಷ್ಟು ದೊಡ್ಡ ಆಸ್ತಿ ಒಂದೇ ಸಲಕ್ಕೆ ಹೇಗೆ ಕರಗಿತು?

ಹೇನಿನಿಂದ. 1892ರ ಒಂದು ಸಂಜೆ ಕಚೇರಿಯಿಂದ ಹೊರಬಂದಾಗ ಹತ್ತಿರದ ತೋಟದ ಎಲೆಯ ಬಣ್ಣ ಯಾಕೋ ಸರಿಯಿಲ್ಲ ಅನ್ನಿಸಿತು ಎಂದು ಮೀಕರ್ ಬರೆದಿದ್ದಾರೆ. ಹೋಗಿ ಎಲೆ ಮಗುಚಿದರೆ ಹಾಪ್ಸ್ ಹೇನು ಮುತ್ತಿತ್ತು. ಇದು ಸಸ್ಯರಸ ಹೀರುವ ಗಿಡಹೇನು. ಚಳಿಗಾಲದಲ್ಲಿ ಪ್ಲಮ್ ಜಾತಿಯ ಮರಗಳಲ್ಲಿ ಮೊಟ್ಟೆಯಾಗಿ ಉಳಿದು, ಬೇಸಿಗೆಗೆ ಹಾಪ್ಸ್‌ಗೆ ಹಾರಿಬರುತ್ತದೆ. ಅದು ಸುರಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಸ್ಟು ಬೆಳೆದು ಹೂವು ಮಸಿಯಂತಾಗುತ್ತದೆ.

ಮಗ ಫ್ರೆಡ್‌ನನ್ನು ಇಂಗ್ಲೆಂಡಿಗೆ ಕಳಿಸಿ ಮದ್ದು ಕಲಿಸಿದರು: ತಿಮಿಂಗಿಲದ ಎಣ್ಣೆಯ ಸಾಬೂನು, ಕ್ವಾಸಿಯಾ ಎಂಬ ಕಹಿ ಮರದ ಚಕ್ಕೆಯ ಕಷಾಯ ಬೆರೆಸಿ ಸಿಂಪಡಿಸುವುದು. ಹೇನು ಸಾಯುತ್ತಿತ್ತು. ಆದರೆ ಅದೇ ಸಿಂಪಡಣೆ ಹೂವಿನ ಗುಣ ಕೆಡಿಸಿತು, ಖರ್ಚು ಏರಿಸಿತು. ಮೇಲಿಂದ 1893ರ ಹಣಕಾಸು ಕುಸಿತ, ಬ್ಯಾಂಕುಗಳ ಬಾಗಿಲು ಮುಚ್ಚಿದವು, ದರ ನೆಲಕಚ್ಚಿತು.

ನಿಜವಾಗಿ ಮುಳುಗಿಸಿದ್ದು ಹೇನಲ್ಲ, ಮುಂಗಡ. ಬೆಳೆಯನ್ನೇ ಆಧಾರವಾಗಿ ನಂಬಿ ನೆರೆ ರೈತರಿಗೆ ಕೊಟ್ಟ ಸಾಲ ವಾಪಸು ಬರಲಿಲ್ಲ, ತಾವು ತಂದ ಸಾಲ ಮಾತ್ರ ತಲೆಮೇಲೆ ಉಳಿಯಿತು. ಒಂದೇ ಬೆಳೆಯ ಸೀಮೆಯಲ್ಲಿ ಬೆಳೆಗಾರ, ಖರೀದಿದಾರ, ಸಾಲಕೊಡುವವ ಮೂವರೂ ಒಬ್ಬರೇ ಆದರೆ ಒಂದು ಕೆಟ್ಟ ವರ್ಷ ಮೂರು ಸಲ ಹೊಡೆಯುತ್ತದೆ.

ಆ ದೊಡ್ಡ ಮನೆ ಕಟ್ಟಿಸಿದ್ದು ಯಾವಾಗ?

1887ರಿಂದ 1890ರವರೆಗೆ. 17 ಕೋಣೆ. ಎಲೈಜಾ ಇಂಗ್ಲೆಂಡಿನಲ್ಲಿ ರಾಣಿ ವಿಕ್ಟೋರಿಯಾ ಅವರನ್ನು ಕಂಡುಬಂದ ಮೇಲೆ ಮರದ ದಿಮ್ಮಿಯ ಗುಡಿಸಲು ಸಾಕೆನ್ನಿಸಲಿಲ್ಲವಂತೆ. ಹೇನು ಬಂದದ್ದು ಗೃಹಪ್ರವೇಶವಾಗಿ ಎರಡು ವರ್ಷಕ್ಕೆ.

70ರ ಹತ್ತಿರ ಬಂದವರು ಕ್ಲಾಂಡೈಕ್‌ಗೆ ಚಿನ್ನ ಅಗೆಯೋಕೆ ಹೋದ್ರಾ?

ಕೆನಡಾದ ಆ ಚಿನ್ನದ ಸೀಮೆಗೆ ಹೋದದ್ದು ತರಕಾರಿ ಮಾರಲು. 1898ರಲ್ಲಿ ಅವರಿಗೆ 67. ಚಿನ್ನದ ಸೀಮೆಯಲ್ಲಿ ಚಿನ್ನ ಸಿಗುವುದೋ ಇಲ್ಲವೋ, ತಿನ್ನಲು ತರಕಾರಿಯಿಲ್ಲದೆ ಜನರ ವಸಡು ಕೊಳೆಯುವುದು ಖಂಡಿತ ಎಂದು ತಿಳಿದಿದ್ದರು. ಎಲೈಜಾ ಊರಲ್ಲಿ ತರಕಾರಿ ಒಣಗಿಸಿ ಕಟ್ಟಿಸುವುದು, ಇವರು ಚಿಲ್ಕೂಟ್ ಘಟ್ಟ ಹತ್ತಿಸಿ ಯೂಕಾನ್ ನದಿಯಲ್ಲಿ ತೆಪ್ಪದ ಮೇಲೆ ಡಾಸನ್ ಊರಿಗೆ ಸಾಗಿಸುವುದು. ತೂಕದಲ್ಲಿ ಬಹುಪಾಲು ನೀರೇ ಇರುವ ತರಕಾರಿಯನ್ನು ಒಣಗಿಸಿದರೆ ಹೊರೆಯ ಕೂಲಿ ಅಷ್ಟೇ ಉಳಿಯುತ್ತದೆ. ಹಾಪ್ಸ್ ಒಣಗಿಸಿದ ಅನುಭವ ಇಲ್ಲಿ ಕೈಹಿಡಿಯಿತು.

ಅಂಗಡಿ ಗಳಿಸಿತು, ಗಳಿಸಿದ್ದನ್ನು ಗಣಿ ನುಂಗಿತು. 1901ರ ಜನವರಿಯಲ್ಲಿ ಮಗ ಫ್ರೆಡ್ ಡಾಸನ್‌ನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಆ ವಸಂತದಲ್ಲಿ ತಂದೆ ಊರಿಗೆ ಮರಳಿದರು.

## ಕಷ್ಟದ ಪ್ರಶ್ನೆಗಳು

ನೆಲ ಮೂಲನಿವಾಸಿಗಳದ್ದಲ್ವಾ? ಇದನ್ನ ಮೀಕರ್ ಒಪ್ಪಿಕೊಂಡಿದ್ರಾ?

ಅವರ ನಡೆ ಒಂದೇ ಬಣ್ಣದ್ದಲ್ಲ. ಸರ್ಕಾರ ಕೊಟ್ಟ ಭೂಮಿಯನ್ನು ಅವರು ಪಡೆದರು. ಆ ಭೂಮಿಯನ್ನು ಸರ್ಕಾರ ದಕ್ಕಿಸಿಕೊಂಡದ್ದು 1854ರ ಮೆಡಿಸಿನ್ ಕ್ರೀಕ್ ಒಪ್ಪಂದದಂಥ ಒತ್ತಾಯದ ಕಾಗದಗಳಿಂದ. ಆ ಒಪ್ಪಂದದ ಸಿಟ್ಟಿನಿಂದ ಯುದ್ಧವಾಯಿತು. ನಿಸ್ಕ್ವಾಲಿ ಜನರ ನಾಯಕ ಲೆಷೈ ಮೇಲೆ ಮೋಸಸ್ ಎಂಬ ದಂಡಾಳನ್ನು ಕೊಂದ ಆರೋಪ ಬಂತು. 1856ರ ನವೆಂಬರಿನ ಮೊದಲ ವಿಚಾರಣೆಯಲ್ಲಿ 12 ಪಂಚರಲ್ಲಿ ಮೀಕರ್ ಒಬ್ಬರು. ಹತ್ತು ಜನ ತಪ್ಪಿತಸ್ಥ ಎಂದರು. ಮೀಕರ್ ಮತ್ತು ವಿಲಿಯಂ ಕಿನ್‌ಕೇಡ್ ಬಗ್ಗಲಿಲ್ಲ. ಯುದ್ಧದಲ್ಲಿ ನಡೆದದ್ದು ಕೊಲೆಯಲ್ಲ ಎಂಬ ತತ್ವದ ಮೇಲೆ ಮೊಕದ್ದಮೆ ತೀರ್ಮಾನವಾಗದೆ ಉಳಿಯಿತು. ಎರಡನೇ ವಿಚಾರಣೆಯಲ್ಲಿ ಶಿಕ್ಷೆಯಾಗಿ 1858ರ ಫೆಬ್ರವರಿ 19ರಂದು ಲೆಷೈಯನ್ನು ಗಲ್ಲಿಗೇರಿಸಿದರು.

26 ತುಂಬದ, ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ ಗಿರಾಕಿಗಳ ಸಿಟ್ಟಿಗೆ ಹೆದರದೆ ನಿಂತದ್ದು ಸಣ್ಣ ಮಾತಲ್ಲ. 1905ರಲ್ಲಿ ಲೆಷೈ ಪ್ರಕರಣವನ್ನು ಪುಸ್ತಕವಾಗಿಸಿ, ಗವರ್ನರ್ ಸ್ಟೀವನ್ಸ್ ಮಾಡಿದ್ದು ಅನ್ಯಾಯ ಎಂದು ಹೆಸರು ಹಿಡಿದು ಬರೆದರು. ವಾಷಿಂಗ್ಟನ್ ರಾಜ್ಯ ಕೂಡಿಸಿದ ಚಾರಿತ್ರಿಕ ನ್ಯಾಯಪೀಠ ಲೆಷೈ ನಿರ್ದೋಷಿ ಎಂದದ್ದು 2004ರ ಡಿಸೆಂಬರ್ 10ರಂದು. ಆದರೂ ತಮ್ಮ 320 ಎಕರೆಯ ಹಕ್ಕಿನ ಮೇಲೆ ಮೀಕರ್ ಅದೇ ಪ್ರಶ್ನೆ ಎತ್ತಿಕೊಳ್ಳಲಿಲ್ಲ. ಅವರನ್ನು ಮೆಚ್ಚುವವರು ಎರಡನ್ನೂ ಜತೆಗಿಟ್ಟು ನೋಡಬೇಕು.

1906ರ ಎತ್ತಿನ ಗಾಡಿ ಯಾತ್ರೆಗೆ ದುಡ್ಡು ಎಲ್ಲಿಂದ ಬಂತು?

ದಾರಿಯಲ್ಲೇ ಗಳಿಸಿದರು. 1906ರ ಜನವರಿ 29ರಂದು ಪ್ಯುವಾಲಪ್‌ನ ತಮ್ಮ ಮನೆಯಂಗಳದಿಂದ ಹೊರಟಾಗ 75 ವರ್ಷ. ಗಾಡಿಯನ್ನು ಹಳೆಯ ಮೂರು ಗಾಡಿಗಳ ಭಾಗಗಳಿಂದ ಜೋಡಿಸಲಾಗಿತ್ತು. ಎತ್ತುಗಳು ಟ್ವಿಸ್ಟ್ ಮತ್ತು ಡೇವ್, ಜತೆಗೆ ಜಿಮ್ ಎಂಬ ನಾಯಿ. ಮನೆಯವರು, ಗೆಳೆಯರು ಬೇಡವೆಂದೇ ಹೇಳಿದ್ದರು.

ವಿಧಾನ ಹೀಗಿತ್ತು. ಊರು ಮುಟ್ಟುವ ಮೊದಲೇ ಪತ್ರಿಕೆಗೆ ಸುದ್ದಿ. ಊರ ನಡುವೆ ಗಾಡಿ ನಿಲ್ಲಿಸುವುದು. ಜನ ಸೇರಿದ ಮೇಲೆ ಭಾಷಣ. ಕಲ್ಲಿನ ಖರ್ಚು ಆ ಊರಿನವರೇ ಎತ್ತಬೇಕು, ಮಕ್ಕಳೂ ಚಿಲ್ಲರೆ ಕಾಸು ಹಾಕಬೇಕು: ತಾವೇ ಕಾಸು ಕೊಟ್ಟ ಕಲ್ಲನ್ನು ಜನ ಕೀಳಲು ಬಿಡುವುದಿಲ್ಲ. ತಮ್ಮ ಊಟ, ಮೇವಿನ ಖರ್ಚಿಗೆ ಚಿತ್ರದ ಕಾರ್ಡು ಮಾರಿದರು. ಮಧ್ಯಾಹ್ನದ ಬಿಡುವಿನಲ್ಲಿ ಕೂತು ಬರೆದ ಯಾತ್ರೆಯ ಪುಸ್ತಕವನ್ನು ದಾರಿಯಲ್ಲೇ ಅಚ್ಚುಹಾಕಿಸಿ ಅದನ್ನೂ ಮಾರಿದರು. ಹಾಪ್ಸ್‌ನಲ್ಲಿ ಕಲಿತ ಪಾಠ ಇಲ್ಲಿ ಸರಿಯಾಗಿ ಬಳಕೆಯಾಯಿತು: ಈ ಸಲ ಯಾರಿಗೂ ಮುಂಗಡ ಕೊಡಲಿಲ್ಲ, ನಗದು ವ್ಯವಹಾರ.

ಪರ್ವತ ದಾಟುವ ಸೌತ್ ಪಾಸ್‌ನಲ್ಲಿ ನೆಟ್ಟ ಕಲ್ಲಿನ ಮೇಲೆ "ಹಳೆಯ ಆರೆಗಾನ್ ದಾರಿ, 1843-57" ಎಂದು ಕೆತ್ತಿಸಿದರು. ನೆಬ್ರಾಸ್ಕಾದಲ್ಲಿ ಟ್ವಿಸ್ಟ್ ಸತ್ತಿತು. ವಿಷದ ಗಿಡ ತಿಂದಿರಬೇಕು ಎಂಬುದು ಅವರ ಅನುಮಾನ. ಒಂಟಿ ಎತ್ತಿಗೆ ನೊಗ ಕಟ್ಟಲಾಗದು. ಹಸುಗಳನ್ನು ಹೂಡಿ ನೋಡಿದರು, ಕೊನೆಗೆ ಒಮಾಹಾದ ದನದ ಪೇಟೆಯಲ್ಲಿ ಡ್ಯಾಂಡಿ ಎಂಬ ಎತ್ತು ಸಿಕ್ಕಿತು.

ನ್ಯೂಯಾರ್ಕ್ ಬೀದಿಯಲ್ಲಿ ಎತ್ತು ಹೊಡ್ಕೊಂಡು ಹೋಗಿದ್ದು ನಿಜಾನಾ?

ನಿಜ. ದನ ಹೊಡೆದುಕೊಂಡು ಬರುವುದನ್ನು ನಗರದ ಕಟ್ಟಳೆ ತಡೆದಿತ್ತು. ಪರವಾನಗಿಗೆ ಒಂದು ತಿಂಗಳಷ್ಟು ಅಲೆದು, ಬಳಿಕ ಬ್ರಾಡ್‌ವೇ ಉದ್ದಕ್ಕೂ ಗಾಡಿ ಹೊಡೆದರು. 1907ರ ನವೆಂಬರ್ 29ರಂದು ವಾಷಿಂಗ್ಟನ್ ನಗರದಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹೊರಗೆ ಬಂದು ಗಾಡಿ, ಎತ್ತು ನೋಡಿದರು.

ಆಮೇಲೂ ತಿರುಗಾಡಿದ್ರಾ?

1910ರಿಂದ 1912ರವರೆಗೆ ಮತ್ತೊಮ್ಮೆ ಗಾಡಿಯಲ್ಲಿ. 1916ರಲ್ಲಿ ಗಾಡಿಯ ಕಮಾನು ಹೊದಿಸಿದ ಪಾತ್‌ಫೈಂಡರ್ ಮೋಟಾರಿನಲ್ಲಿ. 1924ರ ಅಕ್ಟೋಬರಿನಲ್ಲಿ, 93ನೇ ವಯಸ್ಸಿಗೆ, ಸೇನೆಯ ಪೈಲಟ್ ಓಕ್ಲಿ ಕೆಲ್ಲಿ ಜತೆ ತೆರೆದ ವಿಮಾನದಲ್ಲಿ ಕೂತು ಒಹಾಯೊದ ಡೇಟನ್‌ವರೆಗೆ ಹಾರಿದರು. ಅಲ್ಲಿಂದ ಮುಂದೆ ಹೋಗಿ ಅಧ್ಯಕ್ಷ ಕೂಲಿಜ್ ಅವರನ್ನೂ ಕಂಡರು.

ಈ ತಿರುಗಾಟಕ್ಕೆ ಬೆಲೆಯೂ ಇತ್ತು. 1909ರ ಅಕ್ಟೋಬರಿನಲ್ಲಿ ಎಲೈಜಾ ಸಿಯಾಟಲ್‌ನಲ್ಲಿ ತೀರಿಕೊಂಡಾಗ ಗಂಡ ಹತ್ತಿರವಿರಲಿಲ್ಲ. 58 ವರ್ಷದ ದಾಂಪತ್ಯ.

ಅವರ ಹೆಸರಿನ ನಾಣ್ಯ ಇದೆಯಂತೆ?

ಅವರ ಹೆಸರಿನದಲ್ಲ, ದಾರಿಯ ಹೆಸರಿನದು. ಕಲ್ಲು ನೆಡಲು ಸರ್ಕಾರದಿಂದ ನೇರ ಹಣ ಬರುವುದಿಲ್ಲ ಎಂದು ಖಚಿತವಾದ ಮೇಲೆ, ನೆನಪಿನ ಅರ್ಧ ಡಾಲರ್ ನಾಣ್ಯ ಟಂಕಿಸಿ ಮುಖಬೆಲೆಗಿಂತ ಹೆಚ್ಚಿಗೆ ಮಾರುವ ದಾರಿ ಹಿಡಿದರು. 1926ರ ಮೇ 17ರಂದು ಕೂಲಿಜ್ ಸಹಿ ಬಿತ್ತು; 60 ಲಕ್ಷ ನಾಣ್ಯದವರೆಗೆ ಅನುಮತಿ. ಶಿಲ್ಪಿ ದಂಪತಿ ಜೇಮ್ಸ್ ಅರ್ಲ್ ಫ್ರೇಸರ್ ಮತ್ತು ಲಾರಾ ಗಾರ್ಡಿನ್ ಫ್ರೇಸರ್ ವಿನ್ಯಾಸ ಮಾಡಿದರು. ಒಂದು ಮುಖದಲ್ಲಿ ಎತ್ತಿನ ಗಾಡಿ, ಇನ್ನೊಂದರಲ್ಲಿ ಕೈ ಚಾಚಿ ನಿಂತ ಮೂಲನಿವಾಸಿ. 50 ಸೆಂಟಿನ ನಾಣ್ಯ ಡಾಲರಿಗೆ ಮಾರಾಟ. ಲೆಕ್ಕ ಸರಿಯಿತ್ತು, ಕೊಳ್ಳುವವರ ಅಂದಾಜು ತಪ್ಪಿತು. ಬಹಳಷ್ಟು ಉಳಿದು, ಕೆಲವನ್ನು ಕರಗಿಸಬೇಕಾಯಿತು. 1939ರವರೆಗೆ ಬಿಟ್ಟು ಬಿಟ್ಟು ಟಂಕಿಸಿದರೂ ಅನುಮತಿಯ ಸಣ್ಣ ಪಾಲನ್ನೂ ಮುಟ್ಟಲಿಲ್ಲ.

ಅವರ ನೆನಪಿನ ಪುಸ್ತಕಗಳನ್ನ ಎಷ್ಟು ನಂಬ್ಬಹುದು?

ವಿಷಯ ನೋಡಿ ನಂಬಿ. ಬೆಲೆ, ತೂಕ, ಸಾಗಣೆ, ದನದ ಆರೋಗ್ಯ ಇವುಗಳಲ್ಲಿ ಅವರದು ವ್ಯಾಪಾರಿಯ ಕೈಬರಹ, ಗಟ್ಟಿ. 1852ರ ಮಾತುಕತೆಗಳನ್ನು 50 ವರ್ಷದ ನಂತರ ಪದಪದವಾಗಿ ಬರೆದಾಗ ಅದನ್ನು ನೆನಪಿನ ನೇಯ್ಗೆ ಎಂದೇ ಓದಬೇಕು. ತಮ್ಮ ವ್ಯಾಪಾರದ ಸೋಲನ್ನು ಮುಚ್ಚಿಡುವುದಿಲ್ಲ, ಆದರೆ ಹೆಂಡತಿ ಮಕ್ಕಳು ಅದರಿಂದ ಪಟ್ಟದ್ದನ್ನು ಹೇಳುವುದು ಕಡಿಮೆ. ಒಂದೇ ಘಟನೆ ಬೇರೆ ಬೇರೆ ಪುಸ್ತಕಗಳಲ್ಲಿ ಬರುತ್ತದೆ. ಇಟ್ಟು ಹೋಲಿಸಿದರೆ ಯಾವುದು ಮೊದಲ ನೆನಪು, ಯಾವುದು ಭಾಷಣಕ್ಕೆ ಪಳಗಿದ ಮಾತು ಎಂದು ಗೊತ್ತಾಗುತ್ತದೆ.

## ಕೊನೆ, ಮತ್ತು ಈಗ ಉಳಿದಿರುವುದು

ತೀರಿಕೊಂಡದ್ದು ಹೇಗೆ? ಯಾತ್ರೆಯಲ್ಲೇ ಸತ್ರು ಅಂತ ಕೇಳಿದ್ದೆ.

ಯಾತ್ರೆಗೆ ಸಿದ್ಧವಾಗುತ್ತಿದ್ದಾಗ. 1928ರಲ್ಲಿ ಹೆನ್ರಿ ಫೋರ್ಡ್ ಅವರಿಗೆಂದು ಮಾಡೆಲ್ ಎ ಮೋಟಾರಿಗೆ ಗಾಡಿಯ ಕಮಾನು ಕಟ್ಟಿಸಿಕೊಟ್ಟರು. "ಆಕ್ಸ್‌ಮೊಬೈಲ್" ಎಂದು ಅದರ ಹೆಸರು. ಅದರಲ್ಲಿ ಮತ್ತೊಮ್ಮೆ ದಾರಿಯುದ್ದಕ್ಕೂ ಹೋಗಿ ನಾಣ್ಯಕ್ಕೂ ಗುರುತಿನ ಕಲ್ಲುಗಳಿಗೂ ಜನರನ್ನು ಕೂಡಿಸುವುದು ಉದ್ದೇಶ. ಡೆಟ್ರಾಯಿಟ್‌ನಲ್ಲಿದ್ದಾಗ ನ್ಯುಮೋನಿಯಾ ಹಿಡಿಯಿತು. ಫೋರ್ಡ್ ಅವರ ಆಸ್ಪತ್ರೆಯಲ್ಲಿ ಮಲಗಿ, ತುಸು ಚೇತರಿಸಿಕೊಂಡು ಸಿಯಾಟಲ್‌ಗೆ ಮರಳಿದರು. ಅಲ್ಲಿ ಕಾಯಿಲೆ ಮರುಕಳಿಸಿತು. ಪೆನಿಸಿಲಿನ್ ಬರುವ ಮುಂಚಿನ ಕಾಲ; 97ರ ಶ್ವಾಸಕೋಶಕ್ಕೆ ವಿಶ್ರಾಂತಿ, ಆರೈಕೆ ಬಿಟ್ಟರೆ ಬೇರೆ ಮದ್ದಿರಲಿಲ್ಲ. ಫ್ರೈ ಹೋಟೆಲಿನ ಕೋಣೆಯಲ್ಲಿ ಹೆಣ್ಣುಮಕ್ಕಳು ಬಂದು ನೋಡಿಕೊಂಡರು. ಡಿಸೆಂಬರ್ 3ರಂದು ಉಸಿರು ನಿಂತಿತು.

ಸಮಾಧಿ ಎಲ್ಲಿದೆ?

ಪ್ಯುವಾಲಪ್‌ನ ವುಡ್‌ಬೈನ್ ಸ್ಮಶಾನದಲ್ಲಿ, ಎಲೈಜಾ ಪಕ್ಕದಲ್ಲಿ. ಆರೆಗಾನ್ ದಾರಿಯ ಸ್ಮಾರಕ ಸಂಘ 1939ರಲ್ಲಿ ಅಲ್ಲಿ ಫಲಕ ಇಟ್ಟಿತು. "ಪಶ್ಚಿಮವನ್ನು ಗೆದ್ದು ಉಳಿಸಿಕೊಳ್ಳಲು ಅವರು ಈ ದಾರಿಯಲ್ಲಿ ಬಂದರು" ಎಂಬ ಭಾವದ ಸಾಲು ಅದರ ಮೇಲಿದೆ. ಲೆಷೈ ಕಥೆ ತಿಳಿದು ಓದುವವರಿಗೆ "ಗೆದ್ದು" ಎಂಬ ಮಾತು ತೊಡಕಾಗಿ ಕಾಣುತ್ತದೆ.

ಸಿಯಾಟಲ್‌ನಿಂದ ಒಂದು ದಿನದಲ್ಲಿ ಏನೇನು ನೋಡ್ಬಹುದು?

ಪ್ಯುವಾಲಪ್ ದಕ್ಷಿಣಕ್ಕೆ ಸುಮಾರು 35 ಮೈಲಿ. ಸ್ಪ್ರಿಂಗ್ ಸ್ಟ್ರೀಟ್‌ನಲ್ಲಿರುವ ಮೀಕರ್ ಮನೆ ಒಮ್ಮೆ ಆಸ್ಪತ್ರೆಯಾಗಿ, ವೃದ್ಧರ ಆಶ್ರಯವಾಗಿ ಬಳಕೆಯಾಗಿ ಈಗ ವಸ್ತುಸಂಗ್ರಹಾಲಯ. ತೆರೆಯುವ ದಿನಗಳನ್ನು ಮೊದಲೇ ವಿಚಾರಿಸಿಕೊಂಡು ಹೋಗಿ. ಒಳಗೆ ಬಣ್ಣದ ಗಾಜು, ಚಿತ್ರ ಬರೆದ ಚಾವಣಿ ನೋಡುವಂತಿವೆ. ಅಲ್ಲಿಂದ ಪಯೊನೀರ್ ಪಾರ್ಕಿಗೆ ಬನ್ನಿ. ಮೀಕರ್ ಅವರ ಮೊದಲ ಗುಡಿಸಲು ಇದ್ದ ಜಾಗ ಅದು. 1926ರಲ್ಲಿ, ಅವರು ಬದುಕಿದ್ದಾಗಲೇ ನಿಲ್ಲಿಸಿದ ಪ್ರತಿಮೆ ಅಲ್ಲಿದೆ. ಸೆಪ್ಟೆಂಬರಿನಲ್ಲಿ ಹೋದರೆ ಊರಿನ ದೊಡ್ಡ ಜಾತ್ರೆಯ ಕಾರಣ ರಸ್ತೆ ಗಿಜಿಗುಟ್ಟುತ್ತದೆ, ಬೆಳಿಗ್ಗೆ ಬೇಗ ಮುಟ್ಟಿ. ಹಾಪ್ಸ್ ತೋಟ ಹುಡುಕಬೇಡಿ. ವಾಷಿಂಗ್ಟನ್ ರಾಜ್ಯದಲ್ಲಿ ಈಗ ಹಾಪ್ಸ್ ಬೆಳೆಯುವುದು ಪರ್ವತದ ಆಚೆಯ ಒಣಸೀಮೆ ಯಾಕಿಮಾ ಕಣಿವೆಯಲ್ಲಿ.

ಎತ್ತುಗಳು ಏನಾದ್ವು?

ಡೇವ್ ಮತ್ತು ಡ್ಯಾಂಡಿ ಸತ್ತ ಮೇಲೆ ಚರ್ಮ ಹದಮಾಡಿ, ಒಳಗೆ ತುಂಬಿ, ನೊಗ ಹೂಡಿದ ಭಂಗಿಯಲ್ಲೇ ನಿಲ್ಲಿಸಿದರು. ಗಾಡಿಯೊಂದಿಗೆ ಅವು ಟಕೋಮಾದ ರಾಜ್ಯ ಚರಿತ್ರೆಯ ಸಂಗ್ರಹಾಲಯಕ್ಕೆ ಸೇರಿವೆ. ನೋಡಲೆಂದೇ ಹೋಗುವವರು ಅವು ಆಗ ಪ್ರದರ್ಶನದಲ್ಲಿವೆಯೇ ಎಂದು ಕೇಳಿಕೊಂಡು ಹೋಗಿ. ನಿಂತು ನೋಡುವಾಗ ಕುತ್ತಿಗೆಯ ಕೆಳಗಿನ ಬಾಗಿದ ಕಟ್ಟಿಗೆಯನ್ನೂ ಮೇಲಿನ ಗೂಟವನ್ನೂ ಗಮನಿಸಿ.